ಎಮ್ಮೆಬೆನ್ನು: ಮುದಗಲ್ ಕರಾವಳಿಯ ಏಣುಹಾದಿ – ಒಂದು ತೌಲನಿಕ ಅಧ್ಯಯನ

ಪೀಠಿಕೆ

ಹಾಂಗ್‌ಕಾಂಗ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ತಂಗಿಯ ಮಗ ಹೋದ ವರ್ಷ ದೀಪಾವಳಿ ಹೊತ್ತಿಗೆ ವಾಟ್ಸಾಪಿನಲ್ಲಿ ಹದಿನೇಳು ಫೋಟೊ ಕಳಿಸಿದ. ಹದಿನಾರರಲ್ಲಿ ಅವನೇ ಅಡ್ಡ ನಿಂತಿದ್ದ. ಹದಿನೇಳನೆಯದರಲ್ಲಿ ಅಡ್ಡ ಬಂದದ್ದು ಅವನ ಹೆಬ್ಬೆರಳು ಮಾತ್ರವಾದ್ದರಿಂದ ಹಿಂದಿನ ನೋಟ ಕಂಡಿತು. ಗುಡ್ಡದ ನೆತ್ತಿಯ ಮೇಲೆ ಉಡದಾರದಂಥ ಕಾಲುದಾರಿ, ಎರಡೂ ಕಡೆ ಇಳಿಜಾರು, ಕೆಳಗೆ ನೀಲಿ ಸಮುದ್ರ. ಅದರ ಹೆಸರು ಡ್ರ್ಯಾಗನ್ಸ್ ಬ್ಯಾಕ್, ಅಂದರೆ ಡ್ರ್ಯಾಗನ್ನಿನ ಬೆನ್ನು. ಮೆಟ್ರೊ ಇಳಿದು 9ನೇ ನಂಬರಿನ ಬಸ್ಸು ಹತ್ತಿದರೆ ಬುಡಕ್ಕೆ ತಂದು ಬಿಡುತ್ತದೆ. ಅಲ್ಲಿನ ಷೆಕ್ ಓ ಶಿಖರದ ಎತ್ತರ 284 ಮೀಟರು. 2004ರಲ್ಲಿ ಟೈಮ್ ಪತ್ರಿಕೆಯ ಏಷ್ಯಾ ಆವೃತ್ತಿ, ಏಷ್ಯಾದ ನಗರಗಳ ಮಗ್ಗುಲಲ್ಲಿರುವ ಚಾರಣಗಳಲ್ಲಿ ಇದೇ ಮೇಲು ಎಂದು ಬರೆಯಿತಂತೆ. ಇಷ್ಟನ್ನೂ ತಿಳಿಸಿ ಕೊನೆಗೆ ಹುಡುಗ ಒಂದು ಸಾಲು ಸೇರಿಸಿದ್ದ: "ಮಾಮಾ, ನಮ್ಮೂರಾಗ ಇಂಥದ್ದೇನೈತಿ?"

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ, ಈಗ ಪಿಂಚಣಿಯ ಬಲದ ಮೇಲೆ ಸಂಶೋಧನೆ ನಡೆಸುತ್ತಿರುವ ಪ್ರಬಂಧಕಾರನಿಗೆ ಇಂಥ ಪ್ರಶ್ನೆ ಬಂದ ಮೇಲೆ ನಿದ್ದೆ ಹೇಗೆ ಬಂದೀತು? ಮಧ್ಯರಾತ್ರಿ ಎದ್ದು ನೂರು ಪುಟದ ನೋಟುಪುಸ್ತಕದಲ್ಲಿ ಪ್ರಮೇಯ ಬರೆದದ್ದಾಯಿತು. ಡ್ರ್ಯಾಗನ್ನಿನ ಬೆನ್ನಿಗೆ ಯಾವ ಯಾವ ಲಕ್ಷಣಗಳಿವೆಯೋ, ಅಂದರೆ ಕರಾವಳಿ, ಏಣು, ಗಜಿಬಿಜಿ ನಗರದ ಸಾಮೀಪ್ಯ, ಕಾಲುದಾರಿ, ಇವೆಲ್ಲ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲೂ ಇವೆ, ಒಂದು ತೂಕ ಹೆಚ್ಚೇ ಇವೆ. ಡ್ರ್ಯಾಗನ್ ಮಾತ್ರ ಇಲ್ಲ. ಎಮ್ಮೆ ಇದೆ. ಡ್ರ್ಯಾಗನ್ನನ್ನು ಕಣ್ಣಾರೆ ಕಂಡವರು ಹಾಂಗ್‌ಕಾಂಗ್‌ನಲ್ಲೂ ಇಲ್ಲ. ಎಮ್ಮೆಯನ್ನು ಕೋಟೆಯ ಕಂದಕದಲ್ಲಿ ಯಾವ ಮಧ್ಯಾಹ್ನ ಹೋದರೂ ನೋಡಬಹುದು, ಮೇಲಾಗಿ ಹಾಲು ಕೊಡುತ್ತದೆ. ಆದಕಾರಣ ಈ ಹಾದಿಗೆ 'ಎಮ್ಮೆಬೆನ್ನು' ಎಂದು ನಾಮಕರಣ ಮಾಡಲಾಗಿದೆ.

ಪ್ರತಿಯೊಂದು ಅಧ್ಯಯನಕ್ಕೂ ಮಿತಿಗಳಿರುತ್ತವೆ. ಈ ಅಧ್ಯಯನದ ಮಿತಿ ಪ್ರಬಂಧಕಾರನ ಎಡ ಮೊಣಕಾಲು.

ಕರಾವಳಿಯ ಸಿದ್ಧಿ

ಇಲ್ಲಿ ಪೂರ್ವಪಕ್ಷದವರು ಎದ್ದು ನಿಂತು, ಮುದಗಲ್ಲಿಗೆ ಸಮುದ್ರವೇ ಇಲ್ಲವಲ್ಲ, ಅರಬ್ಬಿ ಸಮುದ್ರ ನೋಡಬೇಕಾದರೆ ಹಗಲೆಲ್ಲ ಬಸ್ಸಿನಲ್ಲಿ ಕೂತು ಗೋಕರ್ಣಕ್ಕೆ ಹೋಗಬೇಕಲ್ಲ ಎನ್ನುತ್ತಾರೆ. ಕುಡ್ಲೆಯಿಂದ ಓಂ ಬೀಚು, ಅಲ್ಲಿಂದ ಹಾಫ್ ಮೂನು, ಪ್ಯಾರಡೈಸು ಎಂದು ಬಂಡೆಗಳ ಮೇಲೆ ಹತ್ತಿಳಿಯುತ್ತ ಹೋಗುವ ಹಾದಿಯೇ ಕನ್ನಡನಾಡಿನ ನಿಜವಾದ ಕರಾವಳಿ ಚಾರಣ ಎಂಬುದು ಅವರ ವಾದ. ಅವರ ಮುಖ ನೋಡಿ ಅವರನ್ನು ಕೂಡಿಸಿ, ಪ್ರಮಾಣಗಳನ್ನು ಒಂದೊಂದಾಗಿ ಮುಂದಿಡಬೇಕಾಗಿದೆ.

ಮೊದಲು ಶಬ್ದಪ್ರಮಾಣ. ಸಮುದ್ರ ಎನ್ನಲು ಉಪ್ಪುನೀರೇ ಬೇಕೆಂದು ಕನ್ನಡಿಗರು ಯಾವ ಕಾಲಕ್ಕೂ ಹಟ ಹಿಡಿದವರಲ್ಲ. ಚನ್ನಗಿರಿಯ ಸೂಳೆಕೆರೆ ಶಾಂತಿಸಾಗರ. ಮಾರಿಕಣಿವೆ ವಾಣಿವಿಲಾಸ ಸಾಗರ. ನಮ್ಮ ತಾಲ್ಲೂಕಿನ ಅಂಚಿಗೇ ಕೃಷ್ಣೆಯನ್ನು ನಿಲ್ಲಿಸಿರುವ ನಾರಾಯಣಪುರದ ಅಣೆಕಟ್ಟೆ ಬಸವಸಾಗರ. ಬೆಂಗಳೂರಿನಲ್ಲಂತೂ ಕೆಂಪಾಂಬುಧಿ, ಧರ್ಮಾಂಬುಧಿ ಎಂದು ಒಂದಲ್ಲ ಎರಡು ಅಂಬುಧಿಗಳಿದ್ದವು. ಧರ್ಮಾಂಬುಧಿ ಬತ್ತಿ ಅದರ ಅಂಗಳದಲ್ಲೇ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಎದ್ದಿತು. ಅಂದರೆ ರಾತ್ರಿ ಬಸ್ಸಿಗೆ ಮುದಗಲ್ಲಿನಿಂದ ಬೆಂಗಳೂರಿಗೆ ಹೋಗುವ ಪ್ರತಿಯೊಬ್ಬನೂ ಬೆಳಗಿನ ಜಾವ ಕಣ್ಣುಜ್ಜುತ್ತ ಸಮುದ್ರದ ತಳದಲ್ಲಿ ಇಳಿಯುತ್ತಾನೆ. ಅವನ ಅರಿವಿಗೆ ಬಾರದಿದ್ದರೆ ಅದು ಸಮುದ್ರದ ತಪ್ಪಲ್ಲ.

ಇನ್ನು ಅನುಮಾನಪ್ರಮಾಣ. 1557ಕ್ಕೆ ಮೊದಲೇ ಜೆಸ್ಯೂಟ್ ಪಾದ್ರಿಗಳು ಮುದಗಲ್ಲಿನಲ್ಲಿ ಇಗರ್ಜಿ ಕಟ್ಟಿದರೆಂದು ಗ್ಯಾಸೆಟಿಯರ್ ಹೇಳುತ್ತದೆ. ಯುರೋಪಿನಿಂದ ಬಂದ ಆ ಕಾಲದ ಪಾದ್ರಿಗಳು ಹಡಗಿನಲ್ಲಿ ಬಂದರು. ಹಡಗು ನಿಲ್ಲುವುದು ಕರಾವಳಿಯಲ್ಲಿ. ಪಾದ್ರಿಗಳು ನಿಂತದ್ದು ಮುದಗಲ್ಲಿನಲ್ಲಿ. ಹೊಗೆಯಿದ್ದಲ್ಲಿ ಬೆಂಕಿ ಇರುವಷ್ಟೇ ಸ್ಪಷ್ಟವಾದ ಈ ನ್ಯಾಯವನ್ನು ಇನ್ನೂ ಬಿಡಿಸಿ ಹೇಳಿದರೆ ಓದುಗರಿಗೆ ಅವಮಾನ. ಮೀನಿನ ಪುರಾವೆ ಬೇಕೆನ್ನುವವರು ಸಿಂಧನೂರಿಗೆ ಹೋಗಲಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳ ಆರ್.ಎಚ್. ಕ್ಯಾಂಪುಗಳಲ್ಲಿ ಮೀನು ಹೆಚ್ಚುವ ಈಳಿಗೆ ಕತ್ತಿಯ ಸಪ್ಪಳವನ್ನು ಒಂದು ಬೆಳಗ್ಗೆ ಕೇಳಿ ಬಂದವನು ಈ ಸೀಮೆಗೆ ಕರಾವಳಿ ಇಲ್ಲ ಎನ್ನಲಾರ.

ಪರ್ಶಿಯನ್ ಬಲ್ಲವರಿಗೆ ಇನ್ನೂ ಸುಲಭ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ನಾಡಿಗೆ ದೋಆಬ್ ಎಂದು ಹೆಸರು: ದೋ ಎಂದರೆ ಎರಡು, ಆಬ್ ಎಂದರೆ ನೀರು. ಹಾಂಗ್‌ಕಾಂಗ್‌ನವರಿಗೆ ಒಂದೇ ಸಮುದ್ರ. ನಮಗೆ ಹೆಸರಿನಲ್ಲೇ ಎರಡು ನೀರು. ಅದರ ಮೇಲೆ ನಮ್ಮ ತಾಲ್ಲೂಕಿನ ಜಲದುರ್ಗವನ್ನು ಕೃಷ್ಣೆ ಸೀಳಿಕೊಂಡು ಸುತ್ತುವರಿದು ನಡುಗಡ್ಡೆ ಮಾಡಿದ್ದಾಳೆ. ದ್ವೀಪವಿರುವ ತಾಲ್ಲೂಕಿಗೆ ಕರಾವಳಿ ಇಲ್ಲವೆಂದರೆ ಭೂಗೋಳದ ಮಾಸ್ತರರು ಮೂರ್ಛೆ ಹೋಗುತ್ತಾರೆ. ಪ್ರಬಂಧಕಾರ ಸ್ವತಃ ಒಬ್ಬ ಭೂಗೋಳದ ಮಾಸ್ತರ.

ಇಷ್ಟಕ್ಕೂ ಜಗ್ಗದ ಪೂರ್ವಪಕ್ಷದವರಿಗಾಗಿ ಬಲವಾದ ಸಾಕ್ಷಿಯನ್ನು ಕೊನೆಗೆ ಇಟ್ಟುಕೊಳ್ಳಲಾಗಿತ್ತು. ಲಾವಾ ನೀರಿನೊಳಗೆ ಉಕ್ಕಿದರೆ ಅದರ ಹೊರಮೈ ಕೂಡಲೇ ತಣಿದು ಗಟ್ಟಿಯಾಗುತ್ತದೆ; ಒಳಗಿನ ಬಿಸಿ ಪಾಕ ಒಡೆದು ಹೊರಬಂದು ಮತ್ತೊಂದು ಉಂಡೆಯಾಗುತ್ತದೆ; ಹೀಗೆ ಒಂದರ ಮೇಲೊಂದು ದಿಂಬು ಒಟ್ಟಿದಂತೆ ಕಲ್ಲಾಗುತ್ತದೆ. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎಂದೇ ಕರೆಯುತ್ತಾರೆ. ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಕಪ್ಪು ಕಲ್ಲುಗಳಲ್ಲಿ ಇಂಥ ದಿಂಬುಗಳಿವೆ. ಆ ಪಟ್ಟಿಯಲ್ಲೇ ಹಟ್ಟಿಯ ಬಂಗಾರವೂ ಇದೆ. ವಯಸ್ಸು 250 ಕೋಟಿ ವರ್ಷ ಮೀರಿದ್ದು. ಅಂದಮೇಲೆ ಇಲ್ಲಿ ನೀರು ನಿಂತಿತ್ತು, ಅದೂ ಕೆರೆಯಷ್ಟಲ್ಲ. ಈಗ ಸದ್ಯಕ್ಕೆ ಎದ್ದು ಹೋಗಿದೆ, ದಿಂಬು ಇಲ್ಲೇ ಬಿಟ್ಟಿದೆ. ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ಲು ಒಗೆದು ಚಹಾ ಕುಡಿಯಲು ಹೋದವನ ಸೀಟನ್ನು ಯಾರಾದರೂ ಮುಟ್ಟುತ್ತಾರೆಯೇ? ಸಮುದ್ರ ಟವೆಲ್ಲು ಹಾಕಿ ಹೋಗಿದೆ. ಸೀಟು ಅದರದೇ.

ಪ್ರತ್ಯಕ್ಷಪ್ರಮಾಣಕ್ಕೆ ಕಂದಕ ಸಾಕು. ಹೊರಗೋಡೆಯ ಸುತ್ತ ನೀರು ನಿಲ್ಲುವ ಈ ಕಂದಕ ಕೆಲವೆಡೆ 50 ಗಜ ಅಗಲವಿದೆ. ನೀರು ಮುಗಿದು ನೆಲ ಶುರುವಾಗುವ ಜಾಗಕ್ಕೆ ಕರೆ ಎನ್ನುತ್ತದೆ ಹಳಗನ್ನಡ. ಕಂದಕದ ಈ ಕರೆಯಲ್ಲಿ ನಿಂತರೆ ಆ ಕರೆಯ ಬುರುಜುಗಳು ಹಸಿರು ಪಾಚಿಯ ಮೇಲೆ ತಲೆಕೆಳಗಾಗಿ ಕಾಣುತ್ತವೆ. ಎಮ್ಮೆಯೊಂದು ಮೂಗಿನ ಹೊಳ್ಳೆ ಮಾತ್ರ ಹೊರಗಿಟ್ಟು ಮುಳುಗಿರುತ್ತದೆ. ಅದು ಉಸಿರು ಬಿಟ್ಟಾಗ ಪಾಚಿ ಸರಿದು ಒಂದು ಅಲೆ ಹೊರಟು, ಮೆಟ್ಟಿಲಿಗೆ ಬಡಿದು, ತೇಲುವ ಗುಟ್ಕಾ ಚೀಟಿಯನ್ನು ದಡಕ್ಕೆ ತಂದು ಬಿಡುತ್ತದೆ. ಅಲೆ ಇದೆ, ದಡ ಇದೆ, ದಡದಲ್ಲಿ ಪ್ಲಾಸ್ಟಿಕ್ಕೂ ಇದೆ. ಬೀಚಿಗೆ ಇನ್ನೇನು ಬೇಕು?

ಏಣು

ಏಣು ಎಂದರೆ ಅಂಚು, ಗುಡ್ಡದ ನೆತ್ತಿಯ ಗೆರೆ. ಊರ ಹೆಸರಿನಲ್ಲೇ ಕಲ್ಲಿದೆ. ಮುದ ಕೂಡಿಸು ಕಲ್ಲು, ಮುದಗಲ್ಲು. ಕಕಾರಕ್ಕೆ ಗಕಾರ ಬಂದದ್ದು ಆದೇಶಸಂಧಿ, ಕೇಶಿರಾಜನೂ ಒಪ್ಪುತ್ತಿದ್ದ. ಮುದ್ಗಲ ಋಷಿ ಇಲ್ಲಿ ತಪಸ್ಸು ಮಾಡಿದನೆಂಬ ಇನ್ನೊಂದು ಪಕ್ಷವಿದೆ. ಋಷಿ ತಪಸ್ಸು ಮಾಡದ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟವಾದ್ದರಿಂದ ಅದನ್ನು ಬದಿಗಿಡಲಾಗಿದೆ. ಸಂಜೆ ಹೊತ್ತು ಕಂದಕದ ದಂಡೆಯ ಕಲ್ಲುಗಳ ಮೇಲೆ ಕೂಡುವವರ ವಯಸ್ಸು ನೋಡಿದರೆ 'ಮುದುಕ + ಕಲ್ಲು' ಎಂಬ ಮೂರನೆಯ ವ್ಯುತ್ಪತ್ತಿಯೂ ಸಾಧುವೆನಿಸುತ್ತದೆ. ಪ್ರಬಂಧಕಾರನಿಗೂ ಅಲ್ಲೊಂದು ಕಾಯಂ ಕಲ್ಲಿದೆ.

ಕೋಟೆಗುಡ್ಡದ ಎತ್ತರವನ್ನು ಮೀಟರಿನಲ್ಲಿ ಹೇಳುವುದು ಪರಕೀಯ ಪದ್ಧತಿ. ದೇಸಿ ಮಾನದಲ್ಲಿ ಅದು ಒಂದೂವರೆ ಬೀಡಿ. ಉತ್ತರಕ್ಕೆ ಮುಖ ಮಾಡಿದ ಫತೇ ದರವಾಜಾದಿಂದ ಹೊರಟರೆ, ಮುಂದೆಯೇ ಅಡ್ಡ ನಿಂತ ದೈತ್ಯ ಬುರುಜು, ಆಮೇಲೆ ಇಕ್ಕಟ್ಟಾದ ಓಣಿ, ಒಂದು ಅಗಸಿ, ಇನ್ನೊಂದು ಅಗಸಿ, ಮತ್ತೊಂದು ತಿರುವು. ಗೋಡೆಯ ಕೆಳಗಿನ ವರಸೆಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತಿದ್ದರೆ ತಲೆಯ ಮೇಲೆ ಬಹಮನಿ ಶೈಲಿಯ ಕಮಾನು. ಶತ್ರು ನೇರ ನುಗ್ಗಬಾರದೆಂದು ಹೀಗೆ ಸುತ್ತು ಹಾಕಿಸಿದ್ದಾರೆ. ಶತ್ರು ತಪ್ಪಿದನೋ ಇಲ್ಲವೋ, ಗ್ಯಾಸ್ ಸಿಲಿಂಡರ್ ತರುವ ಹುಡುಗ ಇವತ್ತಿಗೂ ಬೈದುಕೊಳ್ಳುತ್ತಾನೆ. ಅಗಸಿಗಳು ಮುಗಿದ ಮೇಲೆ ಬೋಳು ಬಂಡೆ. ಮಳೆನೀರು ಕೊರೆದ ಗೀರುಗಳಲ್ಲಿ ಸೀತಾಫಲದ ಗಿಡ ಬೇರು ಬಿಟ್ಟಿದೆ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಈ ಬಂಡೆಯ ಮೇಲೆ ಓತಿಕ್ಯಾತವೂ ನಾಲ್ಕು ಕಾಲನ್ನು ಒಟ್ಟಿಗೆ ಊರುವುದಿಲ್ಲ, ಎರಡೆರಡಾಗಿ ಪಾಳಿ ಹಾಕಿಕೊಳ್ಳುತ್ತದೆ.

ಈ ಏಣನ್ನು ಏರಿದವರ ಹಿಂದಿನ ಇತಿಹಾಸವನ್ನು ಪರಾಮರ್ಶಿಸದಿದ್ದರೆ ಪ್ರಬಂಧಕ್ಕೆ ಪದವಿ ಸಿಗುವುದಿಲ್ಲ. ದೇವಗಿರಿಯ ಯಾದವರು ಏರಿದರು. 14ನೇ ಶತಮಾನದ ಆರಂಭದಲ್ಲಿ ಮಲಿಕ್ ಕಾಫೂರ್ ರಾಯಚೂರು ಮುಗಿಸಿ ಇಲ್ಲಿ ಏರಿದ. ಬಹಮನಿಯವರು ಏರಿದರು, ವಿಜಯನಗರದವರು ಏರಿದರು, ಅವರನ್ನು ಇಳಿಸಿ ಇವರು, ಇವರನ್ನು ಇಳಿಸಿ ಅವರು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಹತ್ತಿರ ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿದ. 1565ರಲ್ಲಿ ತಾಳಿಕೋಟೆಯಾಗಿ ಲೆಕ್ಕ ಮತ್ತೆ ತಿರುಗಿತು. ಆದಿಲಶಾಹಿ ಹೋಗಿ ಮೊಗಲರು, ಮೊಗಲರು ಹೋಗಿ ನಿಜಾಮ. ನಿಜಾಮ 1853ರಲ್ಲಿ ದೋಆಬನ್ನು ಇಂಗ್ಲಿಷರ ಕೈಗೆ ಕೊಟ್ಟು 1860ರಲ್ಲಿ ವಾಪಸು ಪಡೆದ, ನೆರೆಮನೆಗೆ ಏಣಿ ಕೊಟ್ಟು ತಂದ ಹಾಗೆ. ಇಷ್ಟು ಜನ ಇಷ್ಟು ಸಲ ಏರಿಳಿದ ಇನ್ನೊಂದು ಚಾರಣದ ಹಾದಿ ಪ್ರಬಂಧಕಾರನಿಗೆ ಗೊತ್ತಿಲ್ಲ. ಆದರೆ ಇವರಲ್ಲಿ ಒಬ್ಬನಾದರೂ ಮೇಲೆ ನಿಂತು, ಆಹಾ, ಎಂಥ ನೋಟ, ಎಂದು ಶಾಸನ ಹಾಕಿಸಿದ್ದು ಕಂಡುಬಂದಿಲ್ಲ. ಎಲ್ಲರೂ ನೋಡಿದ್ದು ಕಂದಾಯದ ಹೊಲ ಎಲ್ಲಿಯತನಕ ಇದೆ ಎಂಬುದನ್ನು.

ಒಬ್ಬ ರಾಜ ಮಾತ್ರ ಬೇರೆ ಕಾರಣಕ್ಕೆ ಇತ್ತ ಹೊರಟಿದ್ದ. ಫೆರಿಷ್ತಾ ಹೇಳುವ ಕತೆ ಅದು. ಇತಿಹಾಸಕಾರರು ಪೂರ್ತಿ ನಂಬುವುದಿಲ್ಲ, ಮುದಗಲ್ಲಿನವರು ಪೂರ್ತಿ ನಂಬುತ್ತಾರೆ. ಮುದಗಲ್ ಕಡೆಯ ಅಕ್ಕಸಾಲಿಗನೊಬ್ಬನ ಮಗಳು ಪರ್ತಾಲಳ ಚೆಲುವಿನ ಸುದ್ದಿ ಕೇಳಿ ಮೊದಲನೆಯ ದೇವರಾಯ ಅವಳಿಗಾಗಿ ಸೈನ್ಯ ಕಳಿಸಿದ. ಹುಡುಗಿಗೆ ಸಂಬಂಧ ಒಪ್ಪಿಗೆ ಇರಲಿಲ್ಲ. ಸೈನ್ಯ ಬಂದು ನೋಡಿದರೆ ಊರಿಗೆ ಊರೇ ಖಾಲಿ. ಹುಡುಗಿ, ಅವಳ ಅಪ್ಪ ಅಮ್ಮ, ಅಕ್ಕಪಕ್ಕದವರು ಎಲ್ಲರೂ ಪರಾರಿ. ಈ ಗದ್ದಲವೇ ನೆಪವಾಗಿ 1406ರಲ್ಲಿ ಫಿರೋಜ್ ಶಾ ಬಹಮನಿ ದಂಡೆತ್ತಿ ಹೋದ. ದೇವರಾಯ ಸೋತು ತನ್ನ ಮಗಳನ್ನೇ ಕೊಟ್ಟು ಸಂಧಿ ಮಾಡಿಕೊಂಡ. ಅಕ್ಕಸಾಲಿಗನ ಮಗಳು ಕೊನೆಗೆ ಫಿರೋಜನ ಮಗ ಹಸನ್ ಖಾನನ ಹೆಂಡತಿಯಾದಳು. ಚಾರಣಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಗಮನಿಸಬೇಕಾದದ್ದು ಒಂದೇ: ಮೊದಲು ಫೋನು ಮಾಡದೆ ಬಂದ ಪ್ರವಾಸಿಗರನ್ನು ಕಂಡರೆ ಸ್ಥಳೀಯರು ಗುಡ್ಡ ಹತ್ತುವ ಪದ್ಧತಿ ಆಗಲೇ ಇತ್ತು.

ಗಜಿಬಿಜಿ ನಗರ

ಇದಕ್ಕೆ ಹೆಚ್ಚು ಶ್ರಮ ಬೇಕಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ಮುದಗಲ್ಲಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿರಿ. ಲಿಂಗಸುಗೂರಿಗೆ ಹೋಗುವವರು, ಇಳಕಲ್ಲಿಗೆ ಹೋಗುವವರು, ಸೀರೆ ಗಂಟಿನವರು, ಕಾಲೇಜಿನ ಹುಡುಗರು, ಇಳಿಯಬೇಕಾದವರನ್ನು ಇಳಿಯಲು ಬಿಡದೆ ಹತ್ತುವವರು. ಬದಿಗೆ ಒಗ್ಗಾಣಿ–ಮಿರ್ಚಿ ಗಾಡಿಯ ಸುತ್ತ ಮೂರು ಸುತ್ತು ಮಂದಿ. ಹಾಂಗ್‌ಕಾಂಗ್‌ನಲ್ಲಿ ಇಂಥ ನೂಕಾಟ ಇದ್ದರೂ ಇಂಥ ಮಿರ್ಚಿ ಇರಲಾರದು.

ಇಷ್ಟು ಸಾಲದೆನ್ನುವವರು ಅಲಾಯಿ ಹಬ್ಬಕ್ಕೆ ಬರಬೇಕು. ಮೊಹರಂ ಎಂದು ಕ್ಯಾಲೆಂಡರಿನಲ್ಲಿ ಅಚ್ಚಾಗುವ ಈ ಹಬ್ಬಕ್ಕೆ ಹುಸೇನಿ ಆಲಂ ದರ್ಗಾಕ್ಕೆ ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಿಂದ ಮಂದಿ ಬಂದಿಳಿಯುತ್ತಾರೆ. ಹರಕೆ ಹೊತ್ತವರಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ಬೇರ್ಪಡಿಸಲು ಹೊರಟ ಸಮಾಜಶಾಸ್ತ್ರಜ್ಞ ಸಕ್ಕರೆ ಓದಿಸಿಕೊಂಡು ತಿಂದು ಮನೆಗೆ ಹೋಗುವುದೊಂದೇ ದಾರಿ. ಖತಲ್ ರಾತ್ರಿ ಹಲಗೆಯ ಸಪ್ಪಳಕ್ಕೆ ಹೆಜ್ಜೆ ಮೇಳದವರು ಕುಣಿಯುವಾಗ ಕೋಟೆಯ ಓಣಿಗಳಲ್ಲಿ ನಡೆಯುವ ಅಗತ್ಯವೇ ಇಲ್ಲ. ಕಾಲು ಎತ್ತಿಕೊಂಡರೂ ಮಂದಿಯೇ ಮುಂದೆ ಒಯ್ಯುತ್ತದೆ. ಪ್ರಬಂಧಕಾರ ಒಮ್ಮೆ ಹೀಗೆಯೇ ಬೀಗರ ಮನೆ ದಾಟಿ ಹೋಗಿದ್ದ, ಇಳಿಯಲಾಗಲಿಲ್ಲ.

ಹಾದಿ ಮಾಡಿದವರು ಯಾರು

ಡ್ರ್ಯಾಗನ್ನಿನ ಬೆನ್ನಿಗೆ ಕಂಬ, ಬಾಣದ ಗುರುತು, ಮೆಟ್ಟಿಲು ಎಲ್ಲ ಇವೆಯೆಂದು ಅಳಿಯ ಹೇಳುತ್ತಾನೆ. ಎಮ್ಮೆಬೆನ್ನಿನ ಹಾದಿಯನ್ನು ಸವೆಸಿದವರು ಬೇರೆ. ಮೊದಲನೆಯವರು ದನಗಳು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ಬ್ರಿಟನ್ನಿನ ಪುರಾತತ್ವ ವಿದ್ವಾಂಸ ಆಲ್‌ಚಿನ್ 1950ರ ದಶಕದಲ್ಲಿ ಅಗೆದು, 1960ರಲ್ಲಿ ವರದಿ ಅಚ್ಚು ಮಾಡಿಸಿದ. ನವಶಿಲಾಯುಗದ ದನಗಾಹಿಗಳ ನೆಲೆ ಅದು. ಅಲ್ಲಿನ ಬಂಡೆಗಳ ಮೇಲೆ ಇಣಿ ಎದ್ದ ಎತ್ತುಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಸಾವಿರಾರು ವರ್ಷಗಳ ಹಿಂದೆಯೇ ಈ ಗುಡ್ಡಗಳಲ್ಲಿ ಮುಂದೆ ಎತ್ತು, ಹಿಂದೆ ಮನುಷ್ಯ ಎಂಬ ಕ್ರಮ ಇತ್ತೆಂದಾಯಿತು. ಇವತ್ತಿಗೂ ಹಾದಿ ತಪ್ಪಿದರೆ ಆಡಿನ ಹಿಕ್ಕೆಯ ಜಾಡು ಹಿಡಿದು ನಡೆದರೆ ಸಾಕು, ಯಾವ ಉಪಗ್ರಹವೂ ಬೇಡ. ಆಡು ಹೋಗದ ಕಡೆ ಹಾದಿ ಇಲ್ಲ. ಆಡು ಹೋದ ಕಡೆಯೆಲ್ಲ ಮನುಷ್ಯನಿಗೆ ಆಗುವುದಿಲ್ಲ. ಈ ಎರಡನೆಯದನ್ನು ಮೊಣಕಾಲು ಬಲ್ಲದು.

ಎರಡನೆಯ ವರ್ಗವನ್ನು ನಮ್ಮ ಪ್ರವಾಸ ಸಾಹಿತ್ಯ ಬೇಕೆಂದೇ ಕಡೆಗಣಿಸಿದೆ. ಅವರು ಚಂಬುಧಾರಿಗಳು. ಕೋಳಿ ಕೂಗುವ ಮೊದಲೇ ಎದ್ದು, ಒಂದು ಕೈಯಲ್ಲಿ ಚಂಬು, ಇನ್ನೊಂದು ಕೈಯಲ್ಲಿ ಬೇವಿನ ಕಡ್ಡಿ ಹಿಡಿದು 'ಬಯಲಕಡಿಗೆ' ಹೊರಡುತ್ತಿದ್ದ ಈ ಚಾರಣಿಗರ ಸಂಘಕ್ಕೆ ಅಧ್ಯಕ್ಷರಿರಲಿಲ್ಲ, ಚಂದಾ ಇರಲಿಲ್ಲ, ಒಂದು ದಿನ ರಜೆಯಿರಲಿಲ್ಲ. ನೀರಿನ ಲೆಕ್ಕ ಕಟ್ಟುನಿಟ್ಟು. ಹಾದಿಯಲ್ಲಿ ಎದುರಾದರೆ ಮಾತಾಡಿಸಬಾರದು, ಹಿಂದಿರುಗುವಾಗ ಮಾತ್ರ ಊರ ರಾಜಕಾರಣ ಎಂಬ ಶಿಷ್ಟಾಚಾರವನ್ನು ಬಡವ ಬಲ್ಲಿದ ಎನ್ನದೆ ಪಾಲಿಸುತ್ತಿದ್ದರು. ಮುದಗಲ್ಲಿನ ಎಷ್ಟೋ ಮದುವೆ ಸಂಬಂಧ, ಹೊಲದ ವ್ಯಾಜ್ಯ, ಪಂಚಾಯ್ತಿ ಚುನಾವಣೆಯ ಒಪ್ಪಂದಗಳು ಈ ವಾಪಸು ನಡಿಗೆಯಲ್ಲೇ ಕುದುರಿದವು. ಹೆಂಗಸರು ಮಾತ್ರ ಇನ್ನೂ ಕತ್ತಲಿರುವಾಗಲೇ ಹೋಗಿ ಬಂದುಬಿಡಬೇಕಿತ್ತು. ತಡವಾದರೆ ಸಂಜೆಗತ್ತಲ ತನಕ ತಡೆದುಕೊಳ್ಳಬೇಕಿತ್ತು. ಅವರು ಈ ಗುಡ್ಡದ ನೋಟ ನೋಡಿದವರೇ ಅಲ್ಲ. ಪ್ರಬಂಧದ ಶೈಲಿಗೆ ಒಗ್ಗದ ಮಾತಾದರೂ ದತ್ತಾಂಶವೆಂದು ದಾಖಲಿಸಿದೆ.

ಈಗ ಮನೆಮನೆಗೆ ಪಾಯಿಖಾನೆ ಬಂದು ಈ ಪರಂಪರೆ ಕ್ಷೀಣಿಸಿದೆ. ಹಳೆಯ ಕೆಲವರು ಪಾಯಿಖಾನೆಯಲ್ಲಿ ಕುಳ್ಳು ಒಟ್ಟಿ ಬೀಗ ಹಾಕಿ, ತಾವು ಹಳೆಯ ಹಾದಿಯನ್ನೇ ಹಿಡಿದಿದ್ದಾರೆ. ಪರಂಪರೆ ಉಳಿಸುವವರನ್ನು ಯಾರೂ ಸನ್ಮಾನಿಸುವುದಿಲ್ಲ.

ಹಾದಿಯ ಫಲಕಗಳು

ಅಂತರರಾಷ್ಟ್ರೀಯ ಮಟ್ಟದ ಚಾರಣಪಥಕ್ಕೆ ಫಲಕಗಳಿರಬೇಕು. ಈ ಕಲೆಯಲ್ಲಿ ನಮ್ಮ ಸೀಮೆಗೆ ಗುರು ಸಾಕ್ಷಾತ್ ಅಶೋಕ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅವನು ಬರೆಸಿದ್ದನ್ನು 1915ರಲ್ಲಿ ಚಿನ್ನ ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರ್ ಕಂಡ. ಅಲ್ಲಿಯತನಕ ಓದಿದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಬಿರುದುಗಳಷ್ಟೇ ಇದ್ದವು. ಈ ದೇವಾನಾಂಪ್ರಿಯ ಅಶೋಕನೇ ಎಂದು ಹೆಸರು ಹಿಡಿದು ಮೊದಲು ಹೇಳಿದ್ದು ಮಸ್ಕಿಯ ಬಂಡೆ. ಪಂಡಿತರು ಇದಕ್ಕೆ ನಾನಾ ಕಾರಣ ಕೊಡುತ್ತಾರೆ. ಪ್ರಬಂಧಕಾರನ ಸಿದ್ಧಾಂತ ಸರಳವಾದದ್ದು. ಇಡೀ ಭರತಖಂಡದಲ್ಲಿ ಗಂಭೀರವಾಗಿ ಬಿರುದು ಬರೆಸಿಕೊಂಡು ಬಂದ ಚಕ್ರವರ್ತಿಗೂ ಈ ಕಡೆಯ ಗುಡ್ಡ ಹತ್ತಿದ ಮೇಲೆ ತನ್ನ ಹೆಸರು ಕೆತ್ತದೆ ಇಳಿಯಲು ಮನಸ್ಸಾಗಲಿಲ್ಲ. ಹೆಸರು ಸಿಕ್ಕ ಮಿಕ್ಕ ಶಾಸನಗಳಲ್ಲಿ ಎರಡು, ನಿಟ್ಟೂರು ಮತ್ತು ಉದೆಗೊಳ್ಳದವು, ತುಂಗಭದ್ರೆ ದಾಟಿದರೆ ಬಳ್ಳಾರಿ ಸೀಮೆಯಲ್ಲಿವೆ ಎಂಬುದು ಈ ಸಿದ್ಧಾಂತಕ್ಕೆ ಬಲ. ಮಧ್ಯಪ್ರದೇಶದ ಗುಜರ್ರಾದಲ್ಲೂ ಒಂದಿದೆ. ಅದು ಸಿದ್ಧಾಂತಕ್ಕೆ ಅನುಕೂಲವಲ್ಲವಾದ್ದರಿಂದ ಇಲ್ಲಿ ಚರ್ಚಿಸಿಲ್ಲ.

ಎಮ್ಮೆಬೆನ್ನಿನ ಬುರುಜುಗಳ ಮೇಲೆ ಇಂದಿನ ಯುವಕರು ಸುಣ್ಣ, ಇದ್ದಿಲು, ಪೇಂಟುಗಳಲ್ಲಿ ಮುಂದುವರಿಸಿರುವುದು ಇದೇ ಮೌರ್ಯ ಸಂಪ್ರದಾಯ. ಒಂದು ಹೆಸರು, ನಡುವೆ ಬಾಣ ನಾಟಿದ ಹೃದಯ, ಇನ್ನೊಂದು ಹೆಸರು. ಎರಡನೆಯ ಹೆಸರು ಹಲವೆಡೆ ಕೆರೆದು ಹಾಕಿ ತಿದ್ದಲ್ಪಟ್ಟಿದೆ. ಪಾಠಾಂತರಗಳ ಅಧ್ಯಯನಕ್ಕೆ ಇಲ್ಲಿ ವಿಪುಲ ಅವಕಾಶವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಕ್ಷರ ಗುರುತು ಸಿಕ್ಕಿತು. ಒತ್ತಕ್ಷರ ಇನ್ನೂ ತಪ್ಪೇ.

ಕ್ಷೇತ್ರಕಾರ್ಯ

ಸಂಕ್ರಾಂತಿಗೆ ಅಳಿಯ ಊರಿಗೆ ಬಂದ. ಸಿದ್ಧಾಂತವನ್ನು ಪ್ರಯೋಗಕ್ಕೆ ಒಡ್ಡುವ ದಿನ ಅದು. ಅವನ ಸಿದ್ಧತೆ ನೋಡಿ ಪ್ರಬಂಧಕಾರನಿಗೆ ಮಲಿಕ್ ಕಾಫೂರನ ದಂಡು ನೆನಪಾಯಿತು. ಹಿಮದಲ್ಲಿ ಹಾಕುವಂಥ ಬೂಟು, ಮಡಚಿದರೆ ಒಂದು ಮೊಳ ಬಿಚ್ಚಿದರೆ ಮೂರು ಮೊಳ ಆಗುವ ಎರಡು ಕೋಲು, ಎದೆಬಡಿತ ಎಣಿಸುವ ಗಡಿಯಾರ. ಬೆನ್ನ ಚೀಲದೊಳಗೆ ರಬ್ಬರಿನ ನೀರಿನ ಪೊಟ್ಟಣ, ಅದರಿಂದ ಹೊರಟ ಪಾರದರ್ಶಕ ನಳಿಗೆ ಹೆಗಲ ಮೇಲಿಂದ ಬಂದು ಬಾಯಿಯ ಹತ್ತಿರ ನಿಂತಿತ್ತು. ಅವನ ತಾಯಿ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ನನ್ನ ಕೈಯಲ್ಲಿ.

ಎರಡನೆಯ ಅಗಸಿ ದಾಟಿ ಬಂಡೆಗೆ ಬಂದಾಗ ಹುಡುಗ ಕೋಲು ಊರಿ ಊರಿ ಏರುತ್ತಿದ್ದ. ಗಡಿಯಾರ ಒಂದು ಸಲ ಕೂಗಿತು. ಅಷ್ಟರಲ್ಲಿ ಹಿಂದಿನಿಂದ ಹವಾಯಿ ಚಪ್ಪಲಿಯ ಚಟ್ ಚಟ್ ಸಪ್ಪಳ. ಅರವತ್ತು ದಾಟಿದ ಒಬ್ಬಾಕೆ, ತಲೆಯ ಮೇಲೆ ಸಿಂಬಿ, ಕೈಯಲ್ಲಿ ಕುಡುಗೋಲು, ಕಟ್ಟಿಗೆಗೆ ಹೊರಟವಳು. ಜಾನಪದ ಶಾಸ್ತ್ರದ ಪ್ರಕಾರ ಈಕೆ ನಮ್ಮ ವಕ್ತೃ. ನಮ್ಮನ್ನು ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತು, ತಿರುಗಿ ನೋಡಿದಳು.

"ಮಾಸ್ತರ, ಎಲ್ಲಿಗಿ ಹೊಂಟೀರಿ?"

"ಮ್ಯಾಲಕ್ಕ ಬೇ."

"ಬಯಲಕಡಿಗೇನು? ಚಂಬು ಎಲ್ಲಿ ಬಿಟ್ಟೀರಿ?"

"ಇಲ್ಲ ಬೇ, ಹಂಗ ಏರಾಕ ಬಂದೀವಿ."

"ಆಡು ತಪ್ಪಿಸಿಕೊಂಡಾವೇನು?"

"ಆಡೂ ಇಲ್ಲ. ಸುಮ್ನ. ಏರೋದು, ನೋಡೋದು, ಇಳಿಯೋದು."

ಆಕೆ ಈ ಮಾತನ್ನು ಕೆಲ ಹೊತ್ತು ಬಾಯಲ್ಲಿನ ಎಲೆಯಡಿಕೆ ಜೊತೆ ಜಗಿದಳು. ಪ್ರಬಂಧಕಾರ ಸಮಯ ಸಾಧಿಸಿ ನೋಟುಪುಸ್ತಕ ಬಿಚ್ಚಿ, ಸ್ಥಳೀಯರು ಈ ಏಣಿಗೆ ಪೂರ್ವದಿಂದ ಏನೆಂದು ಕರೆಯುತ್ತ ಬಂದಿದ್ದಾರೆ ಎಂದು ಕೇಳಿದ. "ಏನಂತಾರ್ರೀ, ಗುಡ್ಡ ಅಂತಾರ." ಎಮ್ಮೆಬೆನ್ನು ಎಂದರೆ ಹೇಗಿರುತ್ತದೆ ಎಂದು ಕೇಳಿದ್ದಕ್ಕೆ, "ಎಮ್ಮಿ ಯಾಕ ಏರ್ತದ ಇಲ್ಲಿ, ಅದಕ್ಕೇನು ಹುಚ್ಚು ಹಿಡದೈತಾ?" ಎಂಬ ಉತ್ತರ ಬಂತು. ಇದನ್ನು ಅಪೂರ್ಣ ದತ್ತಾಂಶವೆಂದು ಪರಿಗಣಿಸಲಾಗಿದೆ.

ಅಷ್ಟರಲ್ಲಿ ಆಕೆಯ ಕಣ್ಣು ಅಳಿಯನ ಮೇಲೆ ಬಿತ್ತು. ಏದುಸಿರು, ಕೆಂಪಾದ ಮುಖ, ಎರಡು ಕೈಗೂ ಕೋಲು, ಹೆಗಲಿನ ಮೇಲಿಂದ ಬಾಯಿಗೆ ಬಂದ ನಳಿಗೆ. ನೋಡನೋಡುತ್ತಿದ್ದಂತೆ ಆಕೆಯ ಮುಖ ಇಳಿಯಿತು. ಕುಡುಗೋಲು ಕೆಳಗಿಟ್ಟು ಹತ್ತಿರ ಬಂದು ಅವನ ಗದ್ದ ಹಿಡಿದಳು.

"ಯಪ್ಪಾ, ಏನಾಗೈತೋ ನಿನಗ? ಸಲಾಯಿನ ಹಚ್ಕೊಂಡು ಗುಡ್ಡ ಏರೀಯಲ್ಲೋ! ಮಾಸ್ತರ, ನಿಮಗರ ಬುದ್ಧಿ ಬ್ಯಾಡೇನು, ಆರಾಮಿಲ್ಲದ ಹುಡುಗನ್ನ ಬಿಸಲಾಗ ಕರಕೊಂಡು ಬಂದೀರಿ?"

ನೀರು ಕುಡಿಯುವ ನಳಿಗೆ ಅದು ಎಂದು ಅಳಿಯ ಹೀರಿ ತೋರಿಸಿದ. ಅದರಿಂದ ಸಂಗತಿ ಇನ್ನೂ ಕೆಟ್ಟಿತು. "ಬಾಯಿಂದ ಹಚ್ಯಾರ ನೋಡ, ಪಾಪ," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಬಂಡೆಯ ಅಂಚಿಗೆ ಹೋಗಿ, ಕೆಳಗೆ ಕಂದಕದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರಿಗೆ ಕೇಳುವಂತೆ ಕೂಗಿ ಹೇಳಿದಳು. ಮುದಗಲ್ ಕೋಟೆಯ ಬುರುಜುಗಳು ಸದ್ದನ್ನು ಹೇಗೆ ದಾಟಿಸುತ್ತವೆ ಎಂಬುದು ಸ್ವತಂತ್ರ ಅಧ್ಯಯನಕ್ಕೆ ತಕ್ಕ ವಿಷಯ. ಕೆಳಗೆ ಬಟ್ಟೆ ಬಡಿಯುವುದು ಒಮ್ಮೆಲೇ ನಿಂತಿತು.

ಮೇಲೆ ಹೋಗಲು ಆಕೆ ಬಿಡಲಿಲ್ಲ. ಒಂದು ಕೋಲು ತಾನು ಹಿಡಿದು, ಅವನ ರಟ್ಟೆ ಹಿಡಿದುಕೊಂಡು, ಇಲ್ಲಿ ಕಾಲಿಡು, ಅಲ್ಲಿ ಜಾರ್ತದ, ಎಂದು ಅಗಸಿಯ ತನಕ ಇಳಿಸಿ ಹೋದಳು. ಹೀಗಾಗಿ ನೆತ್ತಿಯ ಮೇಲಿನ ನೋಟದ ಬಗೆಗೆ ಈ ಪ್ರಬಂಧದಲ್ಲಿ ಅಧ್ಯಾಯವಿಲ್ಲ. ರೊಟ್ಟಿಯ ಗಂಟು ಹಾಗೇ ಮನೆಗೆ ವಾಪಸು ಬಂತು.

ಸಂಜೆ ಐದರಿಂದ ಮಂದಿ ಬರತೊಡಗಿದರು. ಮೊದಲು ಪಕ್ಕದ ಮನೆಯವರು, ಆಮೇಲೆ ಎದುರಿನ ಓಣಿಯವರು, ಕಿರಾಣಿ ಅಂಗಡಿಯವನು ಅಂಗಡಿಗೆ ಅರ್ಧ ಬಾಗಿಲು ಹಾಕಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಗೋಡೆಗೆ ಒರಗಿ ಕೂತು, ಅಳಿಯನ ಮುಖವನ್ನೇ ನೋಡುತ್ತ, "ಈಗ ಹ್ಯಾಂಗೈತಿ?" ಎಂದು ಮೆಲುದನಿಯಲ್ಲಿ ಕೇಳಿದರು. ಪರದೇಶದ ಹವಾ ಆಗಿಬರುವುದಿಲ್ಲ ಎಂದು ಒಬ್ಬರು. ನಮ್ಮ ಭಾವನಿಗೂ ಹೀಗೇ ಶುರುವಾಗಿತ್ತು ಎಂದು ಇನ್ನೊಬ್ಬರು. ಆರಾಮಾಗಿದ್ದೇನೆ ಎಂದು ಹುಡುಗ ಹೇಳಿದಷ್ಟೂ ಅವರು ಮುಖ ಮುಖ ನೋಡಿಕೊಂಡರು. ತಂಗಿ ಒಳಗಿನಿಂದ ಚಹಾ ಕೊಟ್ಟು ಕೊಟ್ಟು ಸಕ್ಕರೆ ಮುಗಿಸಿದಳು.

ರಾತ್ರಿ ಎಂಟಕ್ಕೆ ಲೆಕ್ಕ ಹಾಕಿದಾಗ ಆರು ಪೌಂಡು ಬ್ರೆಡ್ಡು, ಎರಡು ಡಜನ್ ಮೋಸಂಬಿ, ನಾಲ್ಕು ಗ್ಲುಕೋಸ್ ಬಿಸ್ಕೀಟಿನ ಪೊಟ್ಟಣ, ಒಂದು ಎಳನೀರು ಜಮೆಯಾಗಿದ್ದವು. ಅಳಿಯ ಒಂದು ಪೌಂಡು ಬಿಚ್ಚಿ ಚಹಾದಲ್ಲಿ ಅದ್ದಿ ತಿನ್ನುತ್ತ, "ಮಾಮಾ, ಬ್ರೆಡ್ ಛಲೋ ಐತಿ," ಎಂದ. ಬಾಗಿಲಲ್ಲಿ ಮತ್ತೆ ಯಾರೋ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಅವನು ಬೇಗ ಬೇಗ ಬಾಯೊರೆಸಿಕೊಂಡು ಹೊದಿಕೆ ಎಳೆದುಕೊಂಡ.